ಮೊದಲು ಮೀಸೆ ಮಣ್ಣಾಗಲಿ: ಗರಡಿ ಮನೆಯಿಂದ ಟೆಕ್ಕೆನ್‌ವರೆಗೆ, ಸೋತು ಕಲಿತವರ ಇತಿಹಾಸ

‘ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ’ ಅನ್ನುವ ಗಾದೆ ನಿಮಗೆಲ್ಲ ಗೊತ್ತು. ಸೋತ ಮೇಲೂ ಸೋಲು ಒಪ್ಪದವನನ್ನು ಆಡಿಕೊಳ್ಳಲು ಈ ಮಾತು ಬಳಸುತ್ತೇವೆ. ಈ ಸಲ ನಾವು ಬರೆಯುತ್ತಿರುವುದು ಹೊಸ ಕಾಲದ ಜಟ್ಟಿಗಳ ಬಗ್ಗೆ. ಟೆಕ್ಕೆನ್, ಸ್ಟ್ರೀಟ್ ಫೈಟರ್, ಮೊಬೈಲಿನಲ್ಲಿ ಶ್ಯಾಡೋ ಫೈಟ್‌ನಂಥ ಆಟ ಆಡುವವರು ಇವರು. ಪರದೆ ಮೇಲೆ ಇಬ್ಬರು ಎದುರುಬದುರು ನಿಂತು, ಒಬ್ಬ ಬೀಳುವ ತನಕ ಹೊಡೆದಾಡುವ ಆಟಗಳು ಇವು.

ಹಳೇ ಹುಬ್ಬಳ್ಳಿಯ ಓಣಿಗಳಲ್ಲಿ, ಸುತ್ತಲಿನ ಹಳ್ಳಿಗಳ ಕಟ್ಟೆ ಮೇಲೆ ಫೋನ್ ಹಿಡಿದು ಕೂತ ಹುಡುಗರದ್ದು ಒಂದೇ ಪ್ರಶ್ನೆ: “ಎಲ್ಲಾ ಬಟನ್ ಒತ್ತತೀವಿ, ಆದರೂ ಬರೇ ಸೋಲತೀವಿ. ಕಲಿಯೋದು ಹೆಂಗ?” ಅವರ ಮನೆಯವರದ್ದು ಇನ್ನೊಂದು ಪ್ರಶ್ನೆ: “ಇದೂ ಆ ರಮ್ಮಿ, ಸಟ್ಟಾ ಇದ್ದಂಗ ಏನು?”

ಎರಡೂ ಪ್ರಶ್ನೆಗೆ ಉತ್ತರ ಇತಿಹಾಸದಲ್ಲಿದೆ. ಅದರಲ್ಲಿ ಅರ್ಧ ಇತಿಹಾಸ ನಮ್ಮದೇ ಮಣ್ಣಿನದು.

ಕಲ್ಯಾಣದ ದೊರೆ ಬರೆಸಿಟ್ಟ ಪಾಠ

1727ರ ಸುಮಾರಿಗೆ, ಸವಣೂರು ನವಾಬರ ಆಳ್ವಿಕೆಯಲ್ಲಿ ವರ್ತಕ ಬಸಪ್ಪ ಶೆಟ್ಟರು ಹೊಸ ಪೇಟೆ ಕಟ್ಟಿಸಿದರು. ಅದಕ್ಕೂ ಹಿಂದಿನಿಂದ ಇದ್ದ ಊರು ಹಳೇ ಹುಬ್ಬಳ್ಳಿ ಆಯಿತು. ಸಿದ್ಧಾರೂಢ ಮಠ ಇರುವುದು ಈ ಭಾಗದಲ್ಲೇ. ಇಲ್ಲಿಯ ಭವಾನಿಶಂಕರ ಗುಡಿ, ಆಚೆ ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿ ಕಲ್ಯಾಣದ ಚಾಲುಕ್ಯರ ಕಾಲವನ್ನು ನೆನಪಿಸುತ್ತವೆ.

ಅದೇ ಚಾಲುಕ್ಯ ವಂಶದ ದೊರೆ ಮೂರನೇ ಸೋಮೇಶ್ವರ. ಅವನ ಹೆಸರಿನಲ್ಲಿ ಸುಮಾರು 1130ರ ಹೊತ್ತಿಗೆ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥ ಸಿದ್ಧವಾಯಿತು. ರಾಜ್ಯಭಾರ, ಅಡುಗೆ, ಸಂಗೀತ, ಆನೆ, ಕುದುರೆ, ಬೇಟೆ ಹೀಗೆ ನೂರು ವಿಷಯಗಳು ಅದರಲ್ಲಿವೆ. ‘ಮಲ್ಲವಿನೋದ’, ಅಂದರೆ ಕುಸ್ತಿ, ಅವುಗಳಲ್ಲಿ ಒಂದು.

ಅಲ್ಲಿ ಮಲ್ಲರನ್ನೆಲ್ಲ ಒಂದೇ ಸಾಲಿನಲ್ಲಿ ನಿಲ್ಲಿಸಿಲ್ಲ. ವಯಸ್ಸು, ಮೈಕಟ್ಟು, ಬಲ, ಕಲಿತ ವಿದ್ಯೆ ನೋಡಿ ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ದರ್ಜೆ ಮಾಡಲಾಗಿದೆ. ಅಭ್ಯಾಸವನ್ನೂ ಬಿಡಿಬಿಡಿಯಾಗಿ ಹೇಳಲಾಗಿದೆ. ಭಾರ ಎತ್ತುವುದು ಬೇರೆ, ನಡಿಗೆ ಬೇರೆ, ಈಜು ಬೇರೆ, ಕಂಬ ಹಿಡಿದು ಮಾಡುವ ಕಸರತ್ತು ಬೇರೆ.

ಇದರಲ್ಲಿ ಎರಡು ತಿಳಿವಳಿಕೆ ಇವೆ. ಹೊಸಬನನ್ನು ಅವನ ದರ್ಜೆಯವನ ಜೊತೆಗೇ ಬಿಡಬೇಕು ಅನ್ನುವುದು ಮೊದಲನೆಯದು. ಇಡೀ ಕುಸ್ತಿಯನ್ನು ಒಮ್ಮೆಲೇ ಕಲಿಯಲಾಗದು, ಒಂದೊಂದು ಭಾಗ ಬಿಡಿಸಿಕೊಂಡು ಕಲಿಯಬೇಕು ಅನ್ನುವುದು ಎರಡನೆಯದು. ಇವತ್ತಿನ ಫೈಟಿಂಗ್ ಗೇಮಿನಲ್ಲಿ ಹೊಸಬನಿಗೆ ಹೊಸಬನನ್ನೇ ಹುಡುಕಿ ಜೋಡಿ ಮಾಡುವ ‘ರ್‍ಯಾಂಕ್’ ಇದೆ. ಒಂದೊಂದೇ ಹೊಡೆತ ತಿದ್ದಿಕೊಳ್ಳುವ ‘ಪ್ರ್ಯಾಕ್ಟೀಸ್ ಮೋಡ್’ ಇದೆ. ಸುಮಾರು 900 ವರ್ಷದ ಹಿಂದೆ ನಮ್ಮ ನೆಲದ ಒಬ್ಬ ದೊರೆಗೆ ಕಂಡದ್ದೂ ಈ ಎರಡೇ ಸಂಗತಿ.

ಗರಡಿ ಮನೆಯಲ್ಲಿ ಹೊಸಬನ ಕೆಲಸ

ಉತ್ತರ ಕರ್ನಾಟಕದ ಜಾತ್ರೆ ಪೋಸ್ಟರುಗಳಲ್ಲಿ ‘ಜಂಗಿ ನಿಕಾಲಿ ಕುಸ್ತಿಗಳು’ ಎಂಬ ಸಾಲು ನೀವು ಓದಿರುತ್ತೀರಿ. ನಿಕಾಲಿ ಅಂದರೆ ತೀರ್ಮಾನ ಆಗಲೇಬೇಕು. ಅಂಕದ ಲೆಕ್ಕ ಇಲ್ಲ, ಬೆನ್ನು ಮಣ್ಣಿಗೆ ತಾಗಿದವನು ಸೋತ. ನೋಡುವ ಸಾವಿರ ಕಣ್ಣಿಗೂ ಅನುಮಾನ ಉಳಿಯುವುದಿಲ್ಲ.

ಆ ಕಣಕ್ಕೆ ಬರುವ ಮುಂಚೆ ಹುಡುಗ ಎಷ್ಟೋ ವರ್ಷ ಗರಡಿಯಲ್ಲಿ ಕಳೆದಿರುತ್ತಾನೆ. ಹೊಸದಾಗಿ ಬಂದವನಿಗೆ ಮೊದಲ ದಿನವೇ ಯಾರೂ ಪಟ್ಟು ಹೇಳಿಕೊಡುವುದಿಲ್ಲ. ಅವನು ಮೊದಲು ಕೆಂಪು ಮಣ್ಣು ಅಗೆಯಬೇಕು. ದಂಡ, ಬೈಠಕ್ ಹೊಡೆಯಬೇಕು. ಹಿರಿಯರು ಹಿಡಿಯುವುದನ್ನು ಅಂಚಿನಲ್ಲಿ ನಿಂತು ನೋಡಬೇಕು. ಆಮೇಲೆ ವಸ್ತಾದರು ಅವನನ್ನು ಒಬ್ಬ ಹಿರಿಯ ಪೈಲ್ವಾನನ ಜೊತೆ ಬಿಡುತ್ತಾರೆ. ಹಿರಿಯ ತನ್ನ ಪೂರಾ ಬಲ ಹಾಕುವುದಿಲ್ಲ, ಆದರೆ ಹುಡುಗನನ್ನು ಗೆಲ್ಲಿಸುವುದೂ ಇಲ್ಲ. ಕೆಡವುತ್ತಾನೆ, ಎಬ್ಬಿಸುತ್ತಾನೆ, ಮತ್ತೆ ಕೆಡವುತ್ತಾನೆ. “ಕಾಲು ಮುಂದ ಬಂತು, ಅದಕ್ಕ ಬಿದ್ದಿ” ಅನ್ನುತ್ತಾರೆ ವಸ್ತಾದರು. ಇಡೀ ಪಾಠ ಆ ಒಂದು ವಾಕ್ಯದಲ್ಲಿರುತ್ತದೆ.

ಗರಡಿಯಲ್ಲಿ ಸೋಲು ಅಂದರೆ ಒಂದು ಸುದ್ದಿ. ಎಲ್ಲಿ ತಪ್ಪಿತು ಅನ್ನುವ ಸುದ್ದಿ. ಅದನ್ನು ಹೇಳಲು ಪಕ್ಕದಲ್ಲಿ ಒಬ್ಬ ಮನುಷ್ಯ ಇರುತ್ತಾನೆ. ಈ ಒಂದು ಅಂಶ ನೆನಪಿರಲಿ, ಮುಂದಿನ ಕಥೆ ಇದರ ಮೇಲೇ ನಿಂತಿದೆ.

ಒಂದು ಕೊರತೆಯನ್ನೂ ಹೇಳಬೇಕು. ಬಹುಪಾಲು ಗರಡಿಗಳ ಬಾಗಿಲು ಹೆಣ್ಣುಮಕ್ಕಳಿಗೆ ಬಹಳ ಕಾಲ ಮುಚ್ಚಿಯೇ ಇತ್ತು. ಹುಬ್ಬಳ್ಳಿಯಿಂದ ದೂರವೇನಲ್ಲದ ಹಳಿಯಾಳದಲ್ಲಿ ಇವತ್ತು ಹುಡುಗಿಯರೂ ಕುಸ್ತಿ ಹಿಡಿಯುತ್ತಿದ್ದಾರೆ. ಬಾಗಿಲು ತೆರೆದರೆ ಕಲಿಯುವವರು ಬಂದೇ ಬರುತ್ತಾರೆ.

ಮಶೀನಿನ ಮುಂದೆ ಸಾಲು

ಈಗ ಜಪಾನಿಗೆ ಹೋಗೋಣ. ಕ್ಯಾಪ್‌ಕಾಮ್ ಕಂಪನಿ 1987ರಲ್ಲಿ ‘ಸ್ಟ್ರೀಟ್ ಫೈಟರ್’ ಎಂಬ ಆಟದ ಮಶೀನು ಮಾಡಿತು. ಅದು ಅಷ್ಟೊಂದು ಹೆಸರು ಮಾಡಲಿಲ್ಲ. 1991ರಲ್ಲಿ ‘ಸ್ಟ್ರೀಟ್ ಫೈಟರ್ 2’ ಬಂದಾಗ ಜಗತ್ತೇ ಅದರ ಮುಂದೆ ಸಾಲು ನಿಂತಿತು. 1992ರಲ್ಲಿ ಅಮೆರಿಕದ ‘ಮಾರ್ಟಲ್ ಕಾಂಬ್ಯಾಟ್’ ಬಂತು. 1994ರಲ್ಲಿ ‘ಕಿಂಗ್ ಆಫ್ ಫೈಟರ್ಸ್’ ಮತ್ತು ‘ಟೆಕ್ಕೆನ್’ ಬಂದವು. ಟೆಕ್ಕೆನ್ ಅಂದರೆ ಜಪಾನಿ ಭಾಷೆಯಲ್ಲಿ ಕಬ್ಬಿಣದ ಮುಷ್ಟಿ. ಮೈಸೂರು ದಸರೆಯ ವಜ್ರಮುಷ್ಟಿ ಕಾಳಗ ಗೊತ್ತಿರುವ ನಮಗೆ ಆ ಹೆಸರು ದೂರದ್ದು ಅನ್ನಿಸುವುದಿಲ್ಲ.

ಸ್ಟ್ರೀಟ್ ಫೈಟರ್ 2 ತಯಾರಾಗುವಾಗ ಒಂದು ಸೋಜಿಗ ನಡೆಯಿತು. ಆಟದ ನಡುವೆ ಕಾರು ಒಡೆಯುವ ಒಂದು ಬೋನಸ್ ಹಂತ ಇದೆ. ಅದನ್ನು ಪರೀಕ್ಷೆ ಮಾಡುವಾಗ, ಒಂದು ಹೊಡೆತ ಮುಗಿಯುವ ಮುಂಚೆಯೇ ಸರಿಯಾದ ಕ್ಷಣಕ್ಕೆ ಇನ್ನೊಂದು ಸೇರಿಸಬಹುದು ಎಂಬುದು ನಿರ್ಮಾಪಕ ನೊರಿಟಾಕಾ ಫುನಾಮಿಜು ಕಣ್ಣಿಗೆ ಬಿತ್ತು. ಯಾರೂ ಬೇಕಂತ ಇಟ್ಟದ್ದಲ್ಲ ಅದು. ಬಹಳ ಕಷ್ಟ, ಹೆಚ್ಚಿನವರಿಗೆ ಬರಲಿಕ್ಕಿಲ್ಲ ಎಂದು ಹಾಗೇ ಬಿಟ್ಟರು. ಇವತ್ತು ಎಲ್ಲರೂ ‘ಕಾಂಬೋ’ ಅನ್ನುವ ವಿದ್ಯೆ ಹುಟ್ಟಿದ್ದು ಅಲ್ಲಿಂದ.

ಅದನ್ನು ಬೆಳೆಸಿದವರು ಅಂಗಡಿಗಳಲ್ಲಿ ನಾಣ್ಯ ಹಾಕಿ ಆಡಿದ ಹುಡುಗರು. ಅಲ್ಲಿಯ ಕಾನೂನು ಸರಳ. ಗೆದ್ದವನು ಮಶೀನು ಬಿಡುವುದಿಲ್ಲ. ಸೋತವನು ಎದ್ದು ಸಾಲಿನ ಹಿಂದೆ ಹೋಗಬೇಕು, ಮತ್ತೆ ಆಡಬೇಕೆಂದರೆ ಮತ್ತೆ ದುಡ್ಡು ಹಾಕಬೇಕು. ಆ ಕಾಯುವ ಹೊತ್ತಿನಲ್ಲಿ ಗೆದ್ದವನ ಕೈ ನೋಡುತ್ತಾ ನಿಲ್ಲುವುದು ಬಿಟ್ಟರೆ ಬೇರೆ ಕೆಲಸ ಇರಲಿಲ್ಲ. ಗರಡಿಯ ಅಂಚಿನಲ್ಲಿ ನಿಂತ ಹುಡುಗನ ಜಾಗವೇ ಇದು.

ನಮ್ಮ ಕಡೆ ಪಟ್ಟಣಗಳಿಗೂ ಈ ಮಶೀನುಗಳು ಬಂದವು. 1993ರ ‘ಕ್ಯಾಡಿಲಾಕ್ಸ್ ಆ್ಯಂಡ್ ಡೈನೋಸಾರ್ಸ್’ ಆಟದ ಹೆಸರು ಹೇಳಿದರೆ ಯಾರಿಗೂ ಗೊತ್ತಾಗದು. ‘ಮುಸ್ತಫಾ ಗೇಮ್’ ಅನ್ನಿ, ಈಗ ಮೂವತ್ತೈದು, ನಲವತ್ತು ವಯಸ್ಸಿನವರ ಮುಖ ಅರಳುತ್ತದೆ. ಟಿವಿಗೆ ಜೋಡಿಸುವ ಅಗ್ಗದ ಗೇಮ್ ಪೆಟ್ಟಿಗೆಗಳು ಬಂದವು. ಆಮೇಲೆ ಗಂಟೆಗೆ ಇಷ್ಟು ಅಂತ ಬಾಡಿಗೆ ಕೊಟ್ಟು ಪ್ಲೇಸ್ಟೇಷನ್ ಆಡುವ ಅಂಗಡಿಗಳು ಬಂದವು.

ಮನೆಯವರ ಭಯ ಶುರುವಾದದ್ದೂ ಆವಾಗಲೇ. ಶಾಲೆ ತಪ್ಪಿಸಿ ಅಲ್ಲಿಗೆ ಹೋಗುವವರಿದ್ದರು. ಹೊಡೆದಾಟದ ಆಟದ ಪಕ್ಕದಲ್ಲೇ ಇಸ್ಪೀಟು, ಪೋಕರ್ ಥರದ ಜೂಜಿನ ಮಶೀನು ಇಟ್ಟವರೂ ಇದ್ದರು. ಬೆಂಗಳೂರಿನ ವಿಡಿಯೋ ಗೇಮ್ ಅಂಗಡಿಗಳಿಗೆ ಪೊಲೀಸ್ ಲೈಸೆನ್ಸ್ ಬೇಕೇ ಬೇಡವೇ ಎಂಬ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಎಂ.ಜೆ. ಶಿವಾನಿ ವಿರುದ್ಧ ಕರ್ನಾಟಕ ಸರ್ಕಾರ ಎಂಬ ಆ ಪ್ರಕರಣದಲ್ಲಿ 1995ರಲ್ಲಿ ತೀರ್ಪು ಬಂತು. ಲೈಸೆನ್ಸ್ ಬೇಕು ಎಂದಿತು ಕೋರ್ಟು. ಮಾಲೀಕ ಮಶೀನನ್ನು ತಿದ್ದಿ ಇಟ್ಟರೆ ಆಡುವವನ ಕೌಶಲಕ್ಕೆ ಬೆಲೆಯೇ ಇರುವುದಿಲ್ಲ ಎಂಬುದನ್ನೂ ಎತ್ತಿ ಹೇಳಿತು.

ಮನೆಯವರ ಪ್ರಶ್ನೆಗೆ ಉತ್ತರ ಈ ಮಾತಿನಲ್ಲೇ ಇದೆ. ಗೆಲುವು ಮಶೀನಿನ ಕೈಯಲ್ಲಿ, ಅದೃಷ್ಟದ ಕೈಯಲ್ಲಿ ಇದ್ದರೆ ಅದು ಜೂಜು. ಎದುರು ಕೂತ ಮನುಷ್ಯನಿಗಿಂತ ನೀನು ಹೆಚ್ಚು ಕಲಿತಿದ್ದರೆ ಮಾತ್ರ ಗೆಲ್ಲುವೆ ಅಂದರೆ ಅದು ಆಟ.

ಒಂದು ಸೆಕೆಂಡಿನಲ್ಲಿ 60 ಚಿತ್ರ

ಈಗ ಹುಡುಗರ ಪ್ರಶ್ನೆ. ಎಲ್ಲಾ ಬಟನ್ ಒತ್ತಿದರೂ ಸೋಲುವುದು ಯಾಕೆ?

ಈ ಆಟಗಳು ಸೆಕೆಂಡಿಗೆ 60 ಚಿತ್ರಗಳಂತೆ ಓಡುತ್ತವೆ. ಒಂದೊಂದು ಚಿತ್ರಕ್ಕೂ ‘ಫ್ರೇಮ್’ ಅನ್ನುತ್ತಾರೆ. ಟೆಕ್ಕೆನ್‌ನಲ್ಲಿ ಹೆಚ್ಚಿನ ಪಾತ್ರಗಳ ಅತಿ ಬೇಗದ ಗುದ್ದು ತಾಗಲು 10 ಫ್ರೇಮ್ ಸಾಕು. ಅಂದರೆ ಸೆಕೆಂಡಿನ ಆರನೇ ಒಂದು ಭಾಗ. ಕಣ್ಣು ನೋಡಿ, ತಲೆ ತಿಳಿದು, ಬೆರಳು ಒತ್ತಲು ಮನುಷ್ಯನಿಗೆ ಸುಮಾರು ಕಾಲು ಸೆಕೆಂಡು, ಅಂದರೆ 15 ಫ್ರೇಮ್ ಬೇಕು. ಹಾಗಾಗಿ ಆ ಗುದ್ದನ್ನು ನೋಡಿ ತಡೆಯಲು ಜಗತ್ತಿನ ಯಾರಿಂದಲೂ ಆಗದು. ದೊಡ್ಡ ಆಟಗಾರರು ಎದುರಾಳಿ ಏನು ಮಾಡಲಿದ್ದಾನೆ ಎಂದು ಮೊದಲೇ ಅಂದಾಜು ಮಾಡಿರುತ್ತಾರೆ. ಅವರ ಚುರುಕು ಇರುವುದು ಬೆರಳಿಗಿಂತ ಹೆಚ್ಚಾಗಿ ಆ ಅಂದಾಜಿನಲ್ಲಿ.

ಇನ್ನೊಂದು ಲೆಕ್ಕವೂ ಇದೆ. ದೊಡ್ಡ ಹೊಡೆತ ಹೊಡೆದು ಎದುರಾಳಿ ಅದನ್ನು ತಡೆದರೆ, ಹೊಡೆದವನು ಸ್ವಲ್ಪ ಹೊತ್ತು ಕದಲಲಾಗದೆ ನಿಲ್ಲುತ್ತಾನೆ. ಆ ಹೊತ್ತು 15 ಫ್ರೇಮ್ ಇದ್ದರೆ ನಿಮ್ಮ 10 ಫ್ರೇಮಿನ ಗುದ್ದು ಅವನಿಗೆ ತಾಗಲೇಬೇಕು, ತಪ್ಪಿಸಿಕೊಳ್ಳಲು ದಾರಿಯಿಲ್ಲ. ಕುಸ್ತಿಯಲ್ಲಿ ಕಾಲಿಗೆ ನುಗ್ಗಿ ಹಿಡಿತ ಸಿಗದೆ ಹೋದವನ ಬೆನ್ನು ಎದುರಾಳಿಗೆ ಸಿಕ್ಕಿಬಿಡುತ್ತದಲ್ಲ, ಹಾಗೆಯೇ.

ಬಟನ್ ಎಲ್ಲಾ ಒತ್ತುವವನು ಪ್ರತಿ ಸಲ ತನ್ನ ಬೆನ್ನು ತಾನೇ ಕೊಡುತ್ತಿರುತ್ತಾನೆ. ಆದ್ದರಿಂದ ಹೊಸಬ ಮೊದಲು ಕಲಿಯಬೇಕಾದ್ದು ತಡೆಯುವುದು. ತಡೆದ ಮೇಲೆ ಒಂದೇ ಒಂದು ಖಾತ್ರಿ ಏಟು ಹೊಡೆಯುವುದು. ಕಾಂಬೋ ಆಮೇಲೆ.

ಹದಿನೈದು ಏಟು ತಡೆದವನು, ಕೊನೆಗೆ ಸೋತವನು

ಸಾಲಿನಲ್ಲಿ ನಿಂತು ಕಲಿತ ಹುಡುಗರು ಮುಂದೆ ದೊಡ್ಡ ಪಂದ್ಯಗಳನ್ನು ಕಟ್ಟಿಕೊಂಡರು. 1996ರಲ್ಲಿ ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ 40 ಜನ ಸೇರಿ ಒಂದು ಪಂದ್ಯ ಆಡಿದರು. ಅದೇ ಬೆಳೆದು 2002ರಿಂದ ‘ಇವೋ’ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಈ ಆಟಗಳಿಗೆ ಅದೇ ದೊಡ್ಡ ಜಾತ್ರೆ.

2004ರ ಇವೋದ ಒಂದು ಕುಸ್ತಿಯನ್ನು ಇಂದಿಗೂ ಜನ ಮತ್ತೆ ಮತ್ತೆ ನೋಡುತ್ತಾರೆ. ಜಪಾನಿನ ಡೈಗೊ ಉಮೆಹಾರಾ, ಅಮೆರಿಕದ ಜಸ್ಟಿನ್ ವಾಂಗ್ ಎದುರಾದರು. ಡೈಗೊಗೆ ಉಳಿದಿದ್ದ ಬಲ ಕೂದಲೆಳೆಯಷ್ಟು. ತಡೆದರೂ ಆ ಬಲ ಕರಗಿ ಸೋಲುವಂಥ ಹೊಡೆತದ ಸರಣಿಯನ್ನು ಜಸ್ಟಿನ್ ಬಿಟ್ಟ. ಅದರಿಂದ ಉಳಿಯಲು ಒಂದೇ ದಾರಿ: ಪ್ರತಿ ಏಟಿಗೂ ಸರಿಯಾದ ಕ್ಷಣದಲ್ಲಿ ಎದುರಾಳಿಯ ಕಡೆಗೇ ಕಡ್ಡಿ ತಳ್ಳಬೇಕು. ಮೊದಲ ಏಟು ಬರುತ್ತದೆ ಎಂದು ಅವನು ಮೊದಲೇ ಊಹಿಸಿದ್ದ. 15 ಏಟನ್ನೂ ಒಂದೊಂದಾಗಿ ತಳ್ಳಿ, ಆಮೇಲೆ ತಾನು ಹೊಡೆದು ಗೆದ್ದ. ಜನ ಎದ್ದು ಕೂಗಿದ್ದು ಆ ವಿಡಿಯೋದಲ್ಲಿ ಕೇಳುತ್ತದೆ.

ಆದರೆ ಆ ಪಂದ್ಯಾವಳಿಯನ್ನು ಡೈಗೊ ಗೆಲ್ಲಲಿಲ್ಲ. ಫೈನಲ್‌ನಲ್ಲಿ ಅವನದೇ ದೇಶದ ಕೆಂಜಿ ಒಬಾಟಾ ಗೆದ್ದ. ಜಗತ್ತು ನೆನಪಿಟ್ಟ ಆ ದಿನವೂ ಡೈಗೊ ಸೋತೇ ಮನೆಗೆ ಹೋದ.

ಲಾಹೋರಿನ ಹುಡುಗ

ಬಹಳ ವರ್ಷ ಈ ಆಟಗಳಲ್ಲಿ ಜಪಾನ್, ಕೊರಿಯಾ, ಅಮೆರಿಕದ್ದೇ ಮೇಲುಗೈ. 2019ರ ಫೆಬ್ರುವರಿಯಲ್ಲಿ ಜಪಾನಿನ ಫುಕುವೊಕಾದಲ್ಲಿ ನಡೆದ ಇವೋ ಜಪಾನ್‌ನಲ್ಲಿ ಟೆಕ್ಕೆನ್ 7 ಗೆದ್ದವನು ಲಾಹೋರಿನ ಅರ್ಸಲಾನ್ ಆ್ಯಶ್. ಅಲ್ಲಿಯವರೆಗೆ ಹೊರಗಿನವರು ಅವನ ಹೆಸರು ಕೇಳಿದ್ದೇ ಕಡಿಮೆ. ವೀಸಾ, ವಿಮಾನದ ತೊಂದರೆಗಳನ್ನೆಲ್ಲ ದಾಟಿ ಬಂದಿದ್ದ. ಅದೇ ವರ್ಷ ಆಗಸ್ಟಿನಲ್ಲಿ ಲಾಸ್ ವೇಗಸ್‌ನಲ್ಲಿ ಕೊರಿಯಾದ ಹೆಸರಾಂತ ಆಟಗಾರ ‘ನೀ’ ಎಂಬುವನನ್ನು ಫೈನಲ್‌ನಲ್ಲಿ ಸೋಲಿಸಿದ.

ಅರ್ಸಲಾನ್ ಕಲಿತದ್ದು ಲಾಹೋರಿನ ಗೇಮ್ ಅಂಗಡಿಗಳಲ್ಲಿ. ಮೊದಲು ಕಿಂಗ್ ಆಫ್ ಫೈಟರ್ಸ್, ಆಮೇಲೆ ಟೆಕ್ಕೆನ್. ತನ್ನ ಊರಿನಲ್ಲಿ ತನ್ನಷ್ಟೇ ಗಟ್ಟಿ ಆಟಗಾರರು ಇನ್ನೂ ಇದ್ದಾರೆ ಎಂದು ಅವನು ಹೇಳಿದಾಗ ಜನಕ್ಕೆ ನಂಬಿಕೆ ಬರಲಿಲ್ಲ. ನೀ ತಾನೇ ಪಾಕಿಸ್ತಾನಕ್ಕೆ ಹೋಗಿ ಅಲ್ಲಿಯವರ ಜೊತೆ ಆಡಿ ಬಂದ. ಆ ಮಾತು ನಿಜವೆಂದು ಆಮೇಲೆ ಎಲ್ಲರಿಗೂ ತಿಳಿಯಿತು. ಪಾಕಿಸ್ತಾನದ ಆತಿಫ್ ಬಟ್ ಮುಂದೆ ಟೆಕ್ಕೆನ್ ವಿಶ್ವ ಸರಣಿಯ ಫೈನಲ್ ಗೆದ್ದ.

ಲಾಹೋರ್ ನಮ್ಮಂಥದ್ದೇ ಉಪಖಂಡದ ಊರು. ಅಲ್ಲಿಯೂ ಕುಸ್ತಿಯ ಅಖಾಡಗಳಿವೆ, ಓಣಿಗಳಿವೆ, ಕೈಯಲ್ಲಿ ದುಡ್ಡು ಕಡಿಮೆ ಇರುವ ಹುಡುಗರಿದ್ದಾರೆ. ಅವರ ಬಳಿ ದುಬಾರಿ ಸಲಕರಣೆ ಇರಲಿಲ್ಲ. ಒಂದು ಕೋಣೆ ಇತ್ತು, ಒಬ್ಬರನ್ನೊಬ್ಬರು ದಿನಾ ಸೋಲಿಸುವ ಗೆಳೆಯರಿದ್ದರು.

ಫೋನಿನಲ್ಲಿ ಕಳೆದುಹೋದದ್ದು

ಇವತ್ತು ಆಟ ಜೇಬಿನಲ್ಲೇ ಇದೆ. ಸಾಲು ನಿಲ್ಲಬೇಕಾಗಿಲ್ಲ, ಪ್ರತಿ ಸಲ ನಾಣ್ಯ ಹಾಕಬೇಕಾಗಿಲ್ಲ. ಆದರೆ ಸೋತ ಕೂಡಲೇ ಪರದೆ ಮೇಲೆ ಜಾಹೀರಾತು ಬರುತ್ತದೆ, ‘ಮತ್ತೆ ಆಡು’ ಎಂಬ ಬಟನ್ ಬರುತ್ತದೆ. “ಕಾಲು ಮುಂದ ಬಂತು” ಎಂದು ಹೇಳುವವರು ಯಾರೂ ಬರುವುದಿಲ್ಲ. ಕೆಲವು ಆಟಗಳಲ್ಲಿ ದುಡ್ಡು ಕೊಟ್ಟರೆ ಹೆಚ್ಚು ಬಲದ ಆಯುಧ ಸಿಗುತ್ತದೆ. ಅಲ್ಲಿ ಸೋತವನಿಗೆ ಕಲಿಯಬೇಕು ಅನ್ನಿಸುವುದಿಲ್ಲ, ಕೊಳ್ಳಬೇಕು ಅನ್ನಿಸುತ್ತದೆ.

ಹಳ್ಳಿಯಲ್ಲಿ ನೆಟ್‌ವರ್ಕ್ ತೊಂದರೆ ಬೇರೆ. ನೀವು ಒತ್ತಿದ ಬಟನ್ನಿನ ಸುದ್ದಿ ಹೋಗಿ ಬರಲು ಸೆಕೆಂಡಿನ ಹತ್ತನೇ ಒಂದು ಭಾಗ ಹಿಡಿದರೆ 6 ಫ್ರೇಮ್ ಹೋದಂತೆ. 10 ಫ್ರೇಮಿನ ಗುದ್ದಿನ ಆಟದಲ್ಲಿ ಅದು ಅರ್ಧಕ್ಕಿಂತ ಹೆಚ್ಚು. ಇವೋ ಕಟ್ಟಿದವರಲ್ಲಿ ಒಬ್ಬರಾದ ಟೋನಿ ಕ್ಯಾನನ್ ಇದಕ್ಕೊಂದು ಉಪಾಯ ಹುಡುಕಿದರು. ‘ರೋಲ್‌ಬ್ಯಾಕ್’ ಎಂಬ ಆ ಉಪಾಯದಿಂದ ದೂರದವರ ಜೊತೆ ಆಡುವುದು ಬಹಳ ಸುಧಾರಿಸಿದೆ. ಆದರೂ ಪಕ್ಕದಲ್ಲಿ ಕೂತವನ ಜೊತೆ ಆಡುವುದಕ್ಕೆ ಅದು ಸಮ ಅಲ್ಲ.

ಕಾನೂನು ಮಾತ್ರ ಈಗ ಸ್ವಲ್ಪ ಸ್ಪಷ್ಟ. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಇ-ಸ್ಪೋರ್ಟ್ಸ್ ಅನ್ನು ಕ್ರೀಡಾ ಸಚಿವಾಲಯದ ಕೆಳಗೆ ತಂದಿತು. 2025ರ ಆಗಸ್ಟಿನ ಹೊಸ ಕಾಯ್ದೆ ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್ ಅನ್ನು ಬೇರೆಯಾಗಿ ಗುರುತಿಸಿತು. 2023ರಲ್ಲಿ ಚೀನಾದ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಸ್ಟ್ರೀಟ್ ಫೈಟರ್ 5 ಪದಕದ ಆಟವಾಗಿತ್ತು, ಭಾರತದ ಆಟಗಾರರೂ ಕಣಕ್ಕಿಳಿದಿದ್ದರು. ಚಿನ್ನ ಗೆದ್ದವರು ಕೊರಿಯಾದ ಕಿಮ್ ಗ್ವಾನ್‌ವೂ. ಆಗ ಅವರ ವಯಸ್ಸು 44. ತಡವಾಯಿತು ಅನ್ನುವವರು ಈ ಸಂಖ್ಯೆ ನೆನಪಿಡಬೇಕು.

ಹೊಸಬರಿಗೆ ಇತಿಹಾಸ ಹೇಳುವುದು

ಮೊದಲು ಒಬ್ಬ ಜೋಡಿ ಹುಡುಕಿಕೊಳ್ಳಿ. ನಿಮ್ಮ ದರ್ಜೆಯವನು ಒಬ್ಬ, ನಿಮಗಿಂತ ಸ್ವಲ್ಪ ಮೇಲಿನವನು ಒಬ್ಬ ಇದ್ದರೆ ಇನ್ನೂ ಒಳ್ಳೆಯದು. ನಾಲ್ಕು ಗೆಳೆಯರು ಸೇರಿ ಹಳೆಯ ಪ್ಲೇಸ್ಟೇಷನ್ ಒಂದನ್ನು ಕೊಂಡರೆ ಅದೇ ಒಂದು ಸಣ್ಣ ಗರಡಿ. ಓಣಿಯ ಹುಡುಗಿಯರಿಗೂ ಅಲ್ಲಿ ಜಾಗ ಇರಲಿ.

ಒಂದೇ ಪಾತ್ರ ಹಿಡಿಯಿರಿ, ತಿಂಗಳುಗಟ್ಟಲೆ ಬಿಡಬೇಡಿ. ಮೊದಲ ವಾರ ತಡೆಯುವುದನ್ನಷ್ಟೇ ಕಲಿಯಿರಿ: ಮೇಲಿನದು ಯಾವುದು, ಕೆಳಗಿನದು ಯಾವುದು. ಎರಡನೇ ವಾರ ತಡೆದ ಮೇಲೆ ಹೊಡೆಯುವ ಒಂದು ಖಾತ್ರಿ ಏಟು. ಆಮೇಲೆ ಜಿಗಿದು ಬರುವವನನ್ನು ಕೆಡವುವ ಒಂದು ಹೊಡೆತ. ಇಷ್ಟು ಕೈಗೆ ಬಂದ ಮೇಲೆ ಒಂದು ಸಣ್ಣ ಕಾಂಬೋ.

ಮೂರು ಆಟ ಆಡಿದ ಮೇಲೆ ನಿಲ್ಲಿಸಿ, ಗೆದ್ದವನನ್ನು ಕೇಳಿ: “ನಾ ಯಾಕ ಬಿದ್ದೆ?” ಗೆದ್ದವನು ಹೇಳಲೇಬೇಕು, ಅದು ಗರಡಿಯ ನಿಯಮ. ಹೇಳುವವರು ಇಲ್ಲದಿದ್ದರೆ ಆಟದ ರೀಪ್ಲೇ ನೋಡಿ, ನಿಮ್ಮನ್ನು ಹೆಚ್ಚು ಸಲ ಕೆಡವಿದ ಒಂದೇ ಹೊಡೆತವನ್ನು ಗುರುತಿಸಿ. ನಾಳೆಯ ಅಭ್ಯಾಸ ಅದೊಂದಕ್ಕೇ. ಒಂದು ಗಂಟೆ ಸಾಕು, ಸಿಟ್ಟು ಬಂದ ಮೇಲೆ ಆಡಿದ್ದು ಅಭ್ಯಾಸ ಅಲ್ಲ. ದುಡ್ಡು ಪಣಕ್ಕೆ ಇಡು ಅಂದವನ ಜೊತೆ ಆಡಲೇಬೇಡಿ.

ಮನೆಯ ಹಿರಿಯರಿಗೂ ಒಂದು ಮಾತು. ಮಗ ಅಥವಾ ಮಗಳು ಫೋನಿನಲ್ಲಿ ಯಾವ ಆಟ ಆಡುತ್ತಿದ್ದಾರೆ ಎಂದು ಬೈಯುವ ಮುಂಚೆ ಒಮ್ಮೆ ಪಕ್ಕದಲ್ಲಿ ಕೂತು ನೋಡಿ. ದುಡ್ಡು ಹೋಗುವ ಆಟವೋ, ವಿದ್ಯೆ ಬೇಕಾದ ಆಟವೋ ಎಂಬುದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಎರಡನೆಯದಾದರೆ, “ಎದಕ್ಕ ಸೋತಿ?” ಎಂದು ಕೇಳಿ. ಅಷ್ಟು ಕೇಳಿದರೆ ನೀವೇ ಆ ಮನೆಯ ವಸ್ತಾದರು.

ನಿಮ್ಮ ಊರಿನಲ್ಲಿ ಗರಡಿ ಮನೆ ಇನ್ನೂ ನಡೆಯುತ್ತಿದೆಯೇ? ಮುಸ್ತಫಾ ಗೇಮಿನ ಮಶೀನು ಯಾವ ಅಂಗಡಿಯಲ್ಲಿತ್ತು? ಅಲ್ಲಿ ಯಾರನ್ನೂ ಮಶೀನು ಮುಟ್ಟಲು ಬಿಡದೆ ಗೆಲ್ಲುತ್ತಿದ್ದವರು ಯಾರಾದರೂ ಇದ್ದರೇ? ನಮಗೆ ಬರೆದು ತಿಳಿಸಿ. ನಮ್ಮ ಊರುಗಳ ಈ ಇತಿಹಾಸವನ್ನು ಯಾರೂ ಇನ್ನೂ ಪೂರ್ತಿ ಬರೆದಿಟ್ಟಿಲ್ಲ, ಅದು ನಿಮ್ಮ ನೆನಪಿನಲ್ಲಷ್ಟೇ ಇದೆ.